‘ಲಟಕ್’ ಅಂದರೆ ಮೂಳೆ ಕೂತಿತೇ?

ರೀಲ್ಸ್‌ನಲ್ಲಿ ಕೈರೊಪ್ರಾಕ್ಟರ್ ಯಾರದೋ ಕತ್ತು ತಿರುಗಿಸಿ ‘ಲಟಕ್’ ಅನ್ನಿಸಿದರೆ, ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬನಾದರೂ ತನ್ನ ಕತ್ತನ್ನೂ ತಿರುಗಿಸಿಕೊಳ್ಳುತ್ತಾನೆ. ಜಾರಿದ ಮೂಳೆ ಜಾಗಕ್ಕೆ ಕೂತಿತು ಎಂಬ ನಂಬಿಕೆ. 1895ರಲ್ಲಿ ಅಮೆರಿಕದಲ್ಲಿ ಈ ಪದ್ಧತಿ ಆರಂಭಿಸಿದ ಡಿ.ಡಿ. ಪಾಮರ್ ಅವರಂತೂ ಬೆನ್ನುಮೂಳೆ ಒತ್ತಿ ಕಿವುಡು ವಾಸಿ ಮಾಡಿದೆ ಎಂದಿದ್ದರು!

ಆ ಸದ್ದು ಮೂಳೆಯದ್ದಲ್ಲ, ಬೆರಳಿನ ನೆಟಿಗೆಯಂಥದ್ದೇ. ಕೀಲು ಹಿಗ್ಗಿದಾಗ ಒಳಗಿನ ದ್ರವದ ಒತ್ತಡ ಕುಸಿದು ಅನಿಲದ ಗುಳ್ಳೆ ಮೂಡುತ್ತದೆ. ಪಂಪ್‌ಗಳ ಪಾಠದಲ್ಲಿ ಓದುವ ಕ್ಯಾವಿಟೇಶನ್ ಇದೇ.

ಸೊಂಟನೋವಿಗೆ ತುಸು ಆರಾಮ ಸಿಗಬಹುದು, ಒಪ್ಪುತ್ತೇನೆ. ಕತ್ತಿನ ವಿಷಯ ಬೇರೆ. ಮಿದುಳಿಗೆ ರಕ್ತ ಒಯ್ಯುವ ನಾಳ ಅಲ್ಲಿನ ಮೂಳೆಗಳ ರಂಧ್ರಗಳಲ್ಲೇ ಸಾಗುತ್ತದೆ. ಅಪರೂಪಕ್ಕಾದರೂ ಅದರ ಒಳಪದರ ಹರಿದು ಪಾರ್ಶ್ವವಾಯು ಆದದ್ದುಂಟು. ಕಟಿಂಗ್ ಶಾಪ್‌ನಲ್ಲೂ ಕತ್ತು ತಿರುಗಿಸುತ್ತಾರಲ್ಲ, ‘ತಲೆ ಮಸಾಜ್ ಸಾಕಣ್ಣ’ ಎಂದು ನಾನು ಮೊದಲೇ ಹೇಳಿಬಿಡುತ್ತೇನೆ.