ಜಪಸರದಾಗೆ ಹತ್ತು ಮಣಿ ನಿಮಗೂ ಇರ್ಲಿ

ನಾವು ಹೆಣ್ಮಕ್ಳು ದೇವರ ಮುಂದೆ ಕೂತ್ರೆ ಏನೇನು ಕೇಳ್ತೀವಿ ಅಂತ ಒಂದು ಸಾರಿ ಲೆಕ್ಕ ಹಾಕಿ ನೋಡ್ರಿ. ಮಗನಿಗೆ ಕೆಲಸ ಸಿಗ್ಲಿ. ಮಗಳಿಗೆ ಒಳ್ಳೆ ಕಡೆ ಸಂಬಂಧ ಕೂಡಿಬರ್ಲಿ. ಯಜಮಾನ್ರ ಶುಗರ್ ಇಳೀಲಿ. ಅತ್ತೆ ಮೊಣಕಾಲು ನೋವು ವಾಸಿಯಾಗ್ಲಿ. ಈ ವರ್ಷನಾದ್ರೂ ಶೇಂಗಾಕ್ಕೆ ಹದವಾಗಿ ಮಳೆ ಬರ್ಲಿ. ಇಷ್ಟೂ ಒಪ್ಪಿಸಿ, ಶಿಲುಬೆ ಗುರುತು ಹಾಕ್ಕೊಂಡು, ಎದ್ದು ಒಲೆ ಕಡೆ ಹೋಗ್ತೀವಿ. ಆ ಪಟ್ಟಿಯಾಗೆ ಕೇಳಿದೋಳ ಹೆಸರೊಂದೇ ಇರಲ್ಲ.

ಇದನ್ನ ತ್ಯಾಗ ಅಂತಾರೆ. ನಾನು ಹಂಗನ್ನಲ್ಲ. ದಿನಾ ಒಬ್ಬರ ಮನೆಗೆ ಹೋಗಿ, ಬರೀ ಮಂದಿ ಸುದ್ದಿ ಹೇಳಿ, ನಮ್ಮ ಬಗ್ಗೆ ಒಂದು ಮಾತೂ ಆಡದೆ ಬಂದ್ರೆ ಅದಕ್ಕೆ ಸ್ನೇಹ ಅಂತಾರೇನ್ರಮ್ಮ? ಇಪ್ಪತ್ತು ವರ್ಷ ಹಂಗೇ ಹೋಗಿ ಬಂದ್ರೂ ಆ ಮನೆಯೋರಿಗೂ ನಮಗೂ ಗುರುತು ಪರಿಚಯ ಅಷ್ಟೇ. ದೇವರ ಜೊತೆನೂ ನಮ್ಮದು ಹಂಗೇ ಆಗೈತೆ. ಅವನಿಗೆ ನಾವು ಗೊತ್ತು. ಆದ್ರೆ ನಾವು ಬಾಯಿಬಿಟ್ಟು ಹೇಳ್ಕೊಂಡಿಲ್ಲ.

ಇದನ್ನ ಓದೋ ನೀವೆಲ್ಲ ಕ್ರೈಸ್ತರಲ್ಲ ಅಂತ ಗೊತ್ತು. ನೀವು ಗೌರಸಮುದ್ರದ ಮಾರಮ್ಮನಿಗೆ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊರ್ತೀರಿ. ನಾವು ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆ ಹಬ್ಬಕ್ಕೆ ಅಂತ ಹೊರ್ತೀವಿ. ಆದ್ರೆ ಹರಕೆ ಎಲ್ಲಾ ಮನೆ ಮಂದೀದೇ. ಅದಕ್ಕೇ ಈ ಮಾತು ನಿಮಗೂ ಸಲ್ಲುತ್ತೆ ಅನ್ಸುತ್ತೆ.

ನಮ್ಮ ಬಯಲುಸೀಮೆಯಾಗೆ ಕಥೋಲಿಕರ ಮನೆ ಅಲ್ಲೊಂದು ಇಲ್ಲೊಂದು. ನಮ್ಮ ಜಿಲ್ಲೆ ಸೇರೋದು 1988ರಾಗೆ ಆದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ. ಬಿಷಪ್ಪರು ಇರೋ ಊರು ಎಲ್ಲಿ, ನಾವೆಲ್ಲಿ! ಮಂಗಳೂರು ಕಡೆಯೋರಂಗೆ ಗಂಟೆ ಸದ್ದು ಕೇಳಿ ಪೂಜೆಗೆ ಓಡೋಕೆ ಕಾವಲ್ ಕಡೆಯ ಹಳ್ಳಿಯೋರಿಗೆ ಆಗಲ್ಲ. ಭಾನುವಾರ ಪೂಜೆ, ಪರಮಪ್ರಸಾದ ಬಿಡಬಾರದು, ಅದು ಸರಿ. ಆದ್ರೆ ಉಳಿದ ಆರು ದಿನ? ಆ ಆರು ದಿನ ದೇವರನ್ನ ಚರ್ಚಿನಾಗೇ ಬಿಟ್ಟು ಬೀಗ ಹಾಕ್ಕೊಂಡು ಬರೋದಲ್ಲ.

ಬೈಬಲ್ಲಿನ ಹೆಂಗಸರು ಹೆಂಗೆ ಮಾತಾಡ್ಯಾರೆ ನೋಡ್ರಿ. ಯೊವಾನ್ನರ ಶುಭಸಂದೇಶದ 4ನೇ ಅಧ್ಯಾಯದಾಗೆ ಸಮಾರಿಯದ ಹೆಂಗಸು ನಡು ಮಧ್ಯಾಹ್ನ ನೀರಿಗೆ ಬರ್ತಾಳೆ. ಬಿಸಿಲಾಗೆ ಕೊಡ ಹಿಡ್ಕೊಂಡು ನೀರಿಗೆ ಹೋಗೋದು ಅಂದ್ರೇನು ಅಂತ ನಮಗೆ ಯಾರೂ ಬಿಡಿಸಿ ಹೇಳ್ಬೇಕಿಲ್ಲ. ಯೇಸು ಕುಡಿಯೋಕೆ ನೀರು ಕೇಳ್ತಾನೆ. ಅವಳು ಕೈ ಮುಗಿದು ಸುಮ್ನಾಗಲ್ಲ. ನೀನು ಯೆಹೂದ್ಯ, ನನ್ನ ಹತ್ರ ಹೆಂಗೆ ಕೇಳ್ತೀಯ ಅಂತಾಳೆ. ಬಾವಿ ಆಳ ಐತೆ, ಸೇದೋಕೆ ನಿನ್ನ ಹತ್ರ ಏನೂ ಇಲ್ವಲ್ಲ ಅಂತ ವಾದ ಹಾಕ್ತಾಳೆ. ಮಾತು ಬೆಳೀತಾ ಬೆಳೀತಾ ಅವಳ ಬಾಳಿನ ಕಥೆನೇ ಹೊರಗೆ ಬರುತ್ತೆ. ಕೊನೆಗೆ ಕೊಡ ಅಲ್ಲೇ ಬಿಟ್ಟು ಊರೊಳಗೆ ಓಡ್ತಾಳೆ. ಅವಳು ಯಾರ ಪರವಾಗಿನೂ ಬಂದೋಳಲ್ಲ. ಮಾತು ಪೂರ್ತಿ ಅವಳದ್ದೇ.

ಮಾರ್ತಳನ್ನ ನೋಡ್ರಿ. ತಂಗಿ ಮರಿಯ ಯೇಸುವಿನ ಪಾದದ ಹತ್ರ ಕೂತಾಳೆ, ನಾನೊಬ್ಬಳೇ ಕೆಲಸ ಮಾಡ್ತಿದೀನಿ, ನಿನಗೆ ಅದರ ಚಿಂತೆನೇ ಇಲ್ವಾ ಅಂತ ಎದುರಿಗೇ ಕೇಳ್ತಾಳೆ. ಇದನ್ನ ಹೇಳಿ ಮಾರ್ತಳಂಗೆ ಆಗಬ್ಯಾಡ್ರಿ ಅಂತ ಬುದ್ಧಿ ಹೇಳೋರು ಬಾಳ ಜನ. ಆದ್ರೆ ತಮ್ಮ ಲಾಸರ ಸತ್ತಾಗ, ನೀನು ಇಲ್ಲಿದ್ದಿದ್ರೆ ಅವನು ಸಾಯ್ತಿರಲಿಲ್ಲ ಅಂತ ದೂರಿದೋಳೂ ಇದೇ ಮಾರ್ತ. ಅದೇ ಮಾತುಕತೆಯಾಗೆ, ನೀನೇ ದೇವರ ಮಗ ಅಂತ ನಂಬಿದೀನಿ ಅಂದೋಳೂ ಇದೇ ಮಾರ್ತ. ದೂರೋಕೆ ಬಾಯಿ ಇದ್ದೋಳಿಗೇ ನಂಬಿಕೆ ಹೇಳೋಕೂ ಬಾಯಿ ಬಂತು. ಬೈಗುಳ ನುಂಗ್ಕೊಂಡು ಬರೀ ಸ್ತುತಿ ಮಾಡಿದ್ರೆ ಆ ಸ್ತುತಿಯಾಗೆ ಉಪ್ಪಿರಲ್ಲ.

"ಕೆಲಸನೇ ಪ್ರಾರ್ಥನೆ ಕಣಕ್ಕ, ಬ್ಯಾರೆ ಯಾಕೆ ಕೂರ್ಬೇಕು" ಅನ್ನೋರು ಅದಾರೆ. ಇದು ಅರ್ಧ ನಿಜ. ಸ್ಪೇನ್ ದೇಶದ ಆವಿಲಾದ ಸಂತ ತೆರೇಸಾ (1515–1582) ಅಡುಗೆಮನೆ ಕೆಲಸಕ್ಕೆ ಬಿದ್ದ ಕನ್ಯಾಸ್ತ್ರೀಯರಿಗೆ, ಪಾತ್ರೆ ಪಡಗದ ನಡುವೆನೂ ಪ್ರಭು ಇದ್ದಾನೆ ಅಂತ ಧೈರ್ಯ ಹೇಳಿದ್ದರು. ಆದ್ರೆ ಅದೇ ತೆರೇಸಾ, ನಮ್ಮನ್ನ ಪ್ರೀತಿಸೋನ ಜೊತೆ ಒಬ್ಬರೇ ಕೂತು ಸ್ನೇಹದಿಂದ ಮಾತಾಡೋದೇ ಪ್ರಾರ್ಥನೆ ಅಂತಾನೂ ಕಲಿಸಿದರು. ಎರಡೂ ಬೇಕು. ಬೆಳಿಗ್ಗೆ ಒಂದೀಟು ಮಾತು ಆಗಿದ್ರೆ, ಆಮೇಲೆ ಮುದ್ದೆ ತೊಳೆಸುವಾಗ, ಶೇಂಗಾ ಬಿಡಿಸುವಾಗ, ನೀರಿನ ಘಟಕದ ಮುಂದೆ ಕ್ಯಾನ್ ಇಟ್ಟು ನಿಂತಾಗ ಅದೇ ಮಾತು ಮುಂದುವರೀತೈತೆ. ಮಾತೇ ಶುರು ಆಗಿಲ್ಲ ಅಂದ್ರೆ ಮುಂದುವರಿಯೋದು ಏನು? ಬರೀ ಕೆಲಸ.

ಹೆಂಗೆ ಶುರು ಮಾಡೋದು ಅಂದ್ರೆ, ಜಪಸರ ಎಲ್ಲರ ಮನ್ಯಾಗೂ ಐತೆ. ಒಂದು ಸುತ್ತಿಗೆ ಐದು ರಹಸ್ಯ, ರಹಸ್ಯಕ್ಕೆ ಹತ್ತು ನಮೋ ಮರಿಯಾ. ಒಂದು ಮಗನಿಗೆ, ಒಂದು ಮಗಳಿಗೆ, ಒಂದು ಯಜಮಾನ್ರಿಗೆ, ಒಂದು ತೀರ್ಕೊಂಡೋರಿಗೆ ಅಂತ ಹಂಚ್ತೀವಲ್ಲ, ಐದನೇದು ನಿಮಗೆ ಇಟ್ಕೊಳ್ರಿ. ಆ ಹತ್ತು ಮಣಿ ಉರುಳೋವಾಗ, ಇವತ್ತು ನನ್ನ ಮನಸ್ಸಿನಾಗೆ ಏನೈತೆ ಅಂತ ಹೇಳ್ರಿ. ಬ್ಯಾಸರ ಆಗಿದ್ರೆ ಬ್ಯಾಸರ. ಓರಗಿತ್ತಿ ಮ್ಯಾಲೆ ಸಿಟ್ಟು ಬಂದಿದ್ರೆ ಸಿಟ್ಟು. ಮೊಮ್ಮಗು ನಕ್ಕಿದ್ದಕ್ಕೆ ಖುಷಿ ಆಗಿದ್ರೆ ಅದನ್ನೂ.

ರಾತ್ರಿ ಮಲಗೋಕೆ ಮುಂಚೆ ಐದು ನಿಮಿಷ ಇನ್ನೊಂದು ಮಾಡಬಹುದು. ಯೇಸುಸಭೆ ಕಟ್ಟಿದ ಲೊಯೋಲದ ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಪರಿಶೋಧನೆ ಅದು. ಮೊದಲು ದಿನಕ್ಕೆ ಥ್ಯಾಂಕ್ಸ್ ಹೇಳೋದು. ಬೆಳಕು ಕೊಡು ಅಂತ ಕೇಳೋದು. ಬೆಳಗಿನಿಂದ ಏನೇನಾಯ್ತು ಅಂತ ತಿರುಗಿ ನೋಡೋದು. ತಪ್ಪಿದ್ದಕ್ಕೆ ಕ್ಷಮೆ ಕೇಳೋದು. ನಾಳೆಗೆ ಒಂದು ನಿರ್ಧಾರ ಮಾಡೋದು. ಇದು ಪಾಪನಿವೇದನೆಗೂ ಒಳ್ಳೇದು. ನಮ್ಮಲ್ಲಿ ಎಷ್ಟೋ ಜನ ಗುರುಗಳ ಹತ್ರ ಹೋಗಿ ಗಂಡನ ಪಾಪ, ಸೊಸೆ ಪಾಪ ಹೇಳಿ ಬರ್ತಾರೆ. ಅಲ್ಲೂ ತಮ್ಮ ಸುದ್ದಿ ಇಲ್ಲ!

ಕೂತ ಕೂಡಲೇ ನಿದ್ದೆ ಬರುತ್ತೆ ಅಂತೀರಾ? ಬರ್ಲಿ ಬಿಡ್ರಿ. ಫ್ರಾನ್ಸಿನ ಪುಟ್ಟ ತೆರೇಸಾ (1873–1897) ಮಠದಾಗಿದ್ದೂ ಪ್ರಾರ್ಥನೆ ಹೊತ್ತಿಗೆ ತೂಕಡಿಸ್ತಿದ್ದರಂತೆ. ಮಕ್ಕಳು ಎದ್ದಿದ್ರೂ ಮಲಗಿದ್ರೂ ಹೆತ್ತೋರಿಗೆ ಪ್ರೀತಿ ಒಂದೇ ಅಂತ ತಾವೇ ಬರೆದಿಟ್ಟಾರೆ. ಅವರಿಗೆ 1997ರಾಗೆ ಪೋಪರು ಧರ್ಮಸಭೆಯ ಪಂಡಿತೆ ಅನ್ನೋ ಪದವಿ ಕೊಟ್ಟರು. ನಸುಕಿನಾಗೆ ಎದ್ದು ದುಡಿದೋಳ ತೂಕಡಿಕೆ ಮ್ಯಾಲೆ ದೇವರು ಮುನಿಸ್ಕೊಳ್ಳಲ್ಲ.

ಇದು ಸ್ವಾರ್ಥ ಅಲ್ವಾ ಅಂತ ಕೇಳ್ತೀರಿ. ಸಮುವೇಲನ ಮೊದಲನೇ ಗ್ರಂಥದಾಗೆ ಹನ್ನಾ ತನ್ನ ನೋವು ಹೇಳ್ಕೊಂಡು ಅತ್ತಳು. ಪೂಜಾರಿ ಏಲಿ ಅವಳನ್ನ ಕುಡಿದೋಳು ಅಂದ್ಕೊಂಡ. ಅವಳು ತಲೆ ತಗ್ಗಿಸಿ ಹೋಗಲಿಲ್ಲ. ನಾನು ಕುಡಿದಿಲ್ಲ, ಮನಸ್ಸು ಬಿಚ್ಚಿಡ್ತಿದೀನಿ ಅಂದಳು. ಆಮೇಲೆ ಎದ್ದು ಊಟ ಮಾಡಿದಳು, ಮುಖದಾಗೆ ಆ ದುಃಖ ಉಳೀಲಿಲ್ಲ. ಮಗು ಆಗ ಇನ್ನೂ ಹುಟ್ಟಿರಲಿಲ್ಲ ನೋಡ್ರಿ. ಹೇಳ್ಕೊಂಡಿದ್ದಕ್ಕೇ ಅಷ್ಟು ಹಗುರ ಆಯ್ತು. ಹಗುರಾದೋಳು ಮನೆ ಮಂದಿಗೂ ಚೆನ್ನಾಗಿ ಬೇಡ್ಕೊತಾಳೆ, ಗೊಣಗ್ತಾ ಬೇಡಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ಬೇಕು. ಕುಡಿದು ಬಂದು ಹೊಡೆಯೋ ಮನ್ಯಾಗೆ, "ನಿನ್ನ ಪಾಲಿನ ಶಿಲುಬೆ, ಹೊತ್ಕೊ" ಅಂತ ಹೆಂಗಸಿಗೆ ಬುದ್ಧಿ ಹೇಳಬ್ಯಾಡ್ರಿ. ಯೇಸು ತನ್ನ ಶಿಲುಬೆ ತಾನೇ ಒಪ್ಕೊಂಡು ಹೊತ್ತ. ಹೊಡಿಸ್ಕೊಂಡಿರು ಅಂತ ಯಾವ ಹೆಂಗಸಿಗೂ ಹೇಳಲಿಲ್ಲ. ಕಲ್ಲು ಎತ್ತಿದೋರ ಕೈಯಿಂದ ಒಬ್ಬಳನ್ನ ಬಿಡಿಸಿ ಕಳಿಸಿದ. ಅಂಥ ನೋವು ದೇವರ ಹತ್ರನೂ ಹೇಳ್ರಿ, ನಂಬಿಕೆ ಇರೋ ಮನುಷ್ಯರ ಹತ್ರನೂ ಹೇಳ್ರಿ. 181ಕ್ಕೆ ಫೋನ್ ಮಾಡೋದು ದೇವರ ಮ್ಯಾಲೆ ನಂಬಿಕೆ ಇಲ್ಲ ಅಂತ ಅಲ್ಲ. ದೇವರ ಮುಂದೆ ನಿಜ ಹೇಳೋ ಅಭ್ಯಾಸ ಆದೋಳಿಗೆ ಮಂದಿ ಮುಂದೆ ನಿಜ ಹೇಳೋ ಧೈರ್ಯ ತಾನಾಗೇ ಬರುತ್ತೆ.

ಹೊಸ ನವೇನ, ಹೊಸ ಹರಕೆ, ಹೊಸ ಯಾತ್ರೆ ಅಂತ ಹುಡುಕೋದು ಆಮೇಲೆ. ಇವತ್ತು ಸಂಜೆ ಜಪಸರ ಹಿಡಿದಾಗ ಹತ್ತು ಮಣಿ ನಿಮ್ಮ ಹೆಸರಿಗೆ ಉರುಳ್ಲಿ. ಏನು ಹೇಳ್ಬೇಕು ಅಂತ ತೋಚದಿದ್ರೆ, "ಸ್ವಾಮಿ, ಸುಸ್ತಾಗೈತೆ" ಅಂತ ಅಷ್ಟೇ ಹೇಳ್ರಿ. ಬಾವಿ ಕಟ್ಟೆ ಮ್ಯಾಲೆ ಸುಸ್ತಾಗಿ ಕೂತೋನು ಅವನು. ಅವನಿಗೆ ತಿಳಿಯುತ್ತೆ.