ಕೇಣಿಗೆ ಬಂದರು, ಕನ್ನಡಕ್ಕೆ ಬರೀ ಸಾರಾಂಶ!

ನಿಮ್ಮ ಬೀದಿಯ ಅಂಗಡಿಯ ಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕು. ಇದು ಈ ನಾಡಿನ ಕಾನೂನು. 2023ರ ಡಿಸೆಂಬರಿನಲ್ಲಿ ಕನ್ನಡದ ಕಾರ್ಯಕರ್ತರು ಬೆಂಗಳೂರಿನಲ್ಲಿ ಬೀದಿಗಿಳಿದು, ಜೈಲು ಕಂಡು ಬಂದ ಮೇಲೆ 2024ರಲ್ಲಿ ಬಿಗಿಯಾದ ಕಾನೂನು. ಸಂತೋಷ. ಈಗ ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಹೇಳಿ. ನಿಮ್ಮ ಮನೆಯ ಅಂಗಳಕ್ಕೇ ಬಂದು ಕೂರುವ ಸಾವಿರಾರು ಕೋಟಿಯ ಯೋಜನೆಯ ಪರಿಸರ ವರದಿಯಲ್ಲಿ ಕನ್ನಡ ಶೇಕಡಾ ಎಷ್ಟಿರಬೇಕು?

ಗೊತ್ತಿಲ್ಲ ಅಲ್ಲವೇ? ಅದನ್ನು ಹೇಳುವುದಕ್ಕೇ ನಿಮ್ಮನ್ನು ಅಂಕೋಲಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ.

ಉತ್ತರ ಕನ್ನಡದ ಅಂಕೋಲಾ ಪೇಟೆಯ ಪಕ್ಕದ ಕಡಲೂರು ಕೇಣಿ. ದೋಣಿ, ಬಲೆ, ಒಣಗಲು ಹಾಕಿದ ಮೀನು, ತೆಂಗಿನ ಮರಗಳ ನಡುವೆ ಮನೆಗಳು. ಇಲ್ಲಿ ಎಲ್ಲ ಕಾಲದಲ್ಲೂ ದೊಡ್ಡ ಹಡಗು ನಿಲ್ಲುವಂಥ ಆಳದ ಬಂದರು ಕಟ್ಟಬೇಕೆಂದು ನಮ್ಮ ಘನ ಸರ್ಕಾರದ ಕರ್ನಾಟಕ ಜಲಸಾರಿಗೆ ಮಂಡಳಿ ತೀರ್ಮಾನಿಸಿತು. 2023ರ ನವೆಂಬರಿನಲ್ಲಿ ಯೋಜನೆ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಕಂಪನಿಯ ಪಾಲಾಯಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಮೊದಲ ಹಂತದಲ್ಲಿಯೇ ವರ್ಷಕ್ಕೆ ಮೂರು ಕೋಟಿ ಟನ್ ಸರಕು ಸಾಗಿಸುವ ಶಕ್ತಿ. ಬಳ್ಳಾರಿ, ಹೊಸಪೇಟೆ ಕಡೆಯ ಕಾರ್ಖಾನೆಗಳಿಗೆ ಅನುಕೂಲವಾಗಲಿ ಎಂಬುದು ಲೆಕ್ಕಾಚಾರ.

ಮೂರು ಕೋಟಿ ಟನ್ ಎಂದರೆ ಪತ್ರಿಕೆಯಲ್ಲಿ ಓದಿ ಮುಂದಿನ ಸುದ್ದಿಗೆ ಹೋಗಿಬಿಡುತ್ತೇವೆ. ಪೆನ್ಸಿಲ್ ತೆಗೆದುಕೊಂಡು ಭಾಗಿಸಿ ನೋಡಿ. ದಿನಕ್ಕೆ 82 ಸಾವಿರ ಟನ್. ಒಂದು ಲಾರಿಗೆ ಮೂವತ್ತು ಟನ್ ಹೇರಿದರೆ ದಿನಕ್ಕೆ 2,700 ಲಾರಿ. ಹಗಲೂ ರಾತ್ರಿಯೂ ಬಿಡದೆ ಓಡಿದರೆ ನಿಮಿಷಕ್ಕೆ ಹತ್ತಿರ ಹತ್ತಿರ ಎರಡು. ಒಂದು ದಿಕ್ಕಿನಲ್ಲಿ ಮಾತ್ರ! ಖಾಲಿ ಲಾರಿ ವಾಪಸ್ ಬರಬೇಡವೇ? ಎಲ್ಲವೂ ಲಾರಿಯಲ್ಲಿ ಹೋಗುವುದಿಲ್ಲ, ರೈಲಿದೆ ಎನ್ನುತ್ತಾರೆ. ಒಪ್ಪೋಣ. ಒಂದು ಗೂಡ್ಸ್ ರೈಲು ನಾಲ್ಕು ಸಾವಿರ ಟನ್ ಹೊತ್ತರೂ ದಿನಕ್ಕೆ ಇಪ್ಪತ್ತು ಗೂಡ್ಸ್ ಬೇಕು. ಇದರಲ್ಲಿ ಕಲ್ಲಿದ್ದಲು ಎಷ್ಟು, ಅದಿರು ಎಷ್ಟು, ಅದರ ಧೂಳು ಯಾರ ಒಣಮೀನಿನ ಮೇಲೆ ಬೀಳುತ್ತದೆ? ಮೀನು ಒಣಗಿಸುವ ಹೆಂಗಸು ಕೇಳುವುದು ಇಷ್ಟೇ. ಅವಳ ವ್ಯಾಪಾರ ನಿಂತಿರುವುದು ಬಿಸಿಲು, ಗಾಳಿ, ಶುದ್ಧ ಹೊಯಿಗೆ ಈ ಮೂರರ ಮೇಲೆ. ಕಪ್ಪು ಧೂಳು ಹಿಡಿದ ಮೀನನ್ನು ಯಾವ ಸಂತೆಯಲ್ಲಿ ಮಾರಬೇಕು?

ಇನ್ನು ಕಡಲಿನ ಮಾತು. ಬಂದರಿಗೆ ಅಲೆತಡೆಗೋಡೆ ಬೇಕು. ಗುಡ್ಡ ಒಡೆದು ತಂದ ಬಂಡೆಗಳನ್ನು ಸಮುದ್ರದೊಳಕ್ಕೆ ಸಾಲಾಗಿ ಸುರಿಯುತ್ತಾರೆ. ಕರಾವಳಿಯಲ್ಲಿ ಮರಳು ಒಂದೇ ಕಡೆ ಕೂತಿರುವುದಿಲ್ಲ, ದಡದ ಉದ್ದಕ್ಕೂ ಹರಿದಾಡುತ್ತದೆ. ಅಡ್ಡ ಗೋಡೆ ಬಂದರೆ ಒಂದು ಮಗ್ಗುಲಲ್ಲಿ ಮರಳು ಗುಡ್ಡೆ ಬೀಳುತ್ತದೆ, ಇನ್ನೊಂದು ಮಗ್ಗುಲಲ್ಲಿ ದಡವೇ ಕರಗುತ್ತದೆ. ನಂಬಿಕೆ ಬಾರದಿದ್ದರೆ ಉಳ್ಳಾಲದವರನ್ನು ಕೇಳಿ. ನೇತ್ರಾವತಿ ಅಳಿವೆಯ ಬಾಯಿಗೆ ಕಲ್ಲಿನ ಗೋಡೆ ಬಂದ ಮೇಲೆ ಅಲ್ಲಿಯ ದಡ ಎಷ್ಟು ಸವೆಯಿತು, ಎಷ್ಟು ಮನೆ ಕಡಲ ಪಾಲಾಯಿತು ಎಂದು ಅವರೇ ಹೇಳುತ್ತಾರೆ. ಆಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ದಡ ಉಳಿಸುವ ಕಾಮಗಾರಿ ಮಾಡಿದರು. ಮೊದಲು ಕಲ್ಲು ಹಾಕಿ ಕೆಡಿಸುವುದು, ನಂತರ ಸಾಲ ಮಾಡಿ ಮತ್ತೆ ಕಲ್ಲು ಹಾಕುವುದು!

ಕೇಣಿಯವರು ಇದನ್ನೆಲ್ಲ ಪುಸ್ತಕ ಓದಿ ಕಲಿತವರಲ್ಲ. ಈ ಜಿಲ್ಲೆಯ ಜನ ಅನುಭವಿಸಿ ಕಲಿತವರು. ಕಾರವಾರದಲ್ಲಿ 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ದೇಶದ ರಕ್ಷಣೆ ಎಂದಾಗ ಜನ ಎದೆಯ ಮೇಲೆ ಕಲ್ಲಿಟ್ಟುಕೊಂಡು ಜಾಗ ಬಿಟ್ಟರು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ಹೆಚ್ಚುವರಿ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಕಚೇರಿ ಅಲೆದರು. ಅದೇ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಸರ್ಕಾರವೇ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಮಾಯವಾಯಿತು. ಹಡಗು ಹತ್ತಿ ಹೋಯಿತು! ಕಾವಲಿನಲ್ಲಿದ್ದ ಅದಿರನ್ನೇ ಕಾಯಲಾರದ ಆಡಳಿತ ಧೂಳನ್ನು ಕಾಯುತ್ತದೆಯೇ?

2020ರ ಜನವರಿಯಲ್ಲಿ ಕಾರವಾರ ಬಂದರು ವಿಸ್ತರಣೆಗೆ ಸಾಗರಮಾಲಾ ಹೆಸರಿನಲ್ಲಿ ಕೈಹಾಕಿದಾಗ ಮೀನುಗಾರರು ಊರಿಗೆ ಊರೇ ಬಂದ್ ಮಾಡಿದರು. ಹೈಕೋರ್ಟು ತಡೆ ಕೊಟ್ಟಿತು. ಹೊನ್ನಾವರದ ಕಾಸರಕೋಡು ಟೊಂಕದ ಕಥೆ ಇನ್ನೂ ಉದ್ದ. ಶರಾವತಿ ಕಡಲು ಸೇರುವ ಜಾಗ ಅದು, ಕಡಲಾಮೆ ಮೊಟ್ಟೆ ಇಡುವ ದಂಡೆ. 2010ರಲ್ಲಿ ಅದನ್ನು ಖಾಸಗಿ ಬಂದರಿಗೆ ಗುತ್ತಿಗೆ ಕೊಟ್ಟರು. 2020ರಲ್ಲಿ ಅದೇ ಕಾಸರಕೋಡಿನ ಇನ್ನೊಂದು ಮಗ್ಗುಲಿನ ಕಡಲತೀರಕ್ಕೆ ಸ್ವಚ್ಛತೆಯ ನೀಲಿ ಬಾವುಟ ಬಂತು, ಮಂತ್ರಿಗಳು ಫೋಟೋ ತೆಗೆಸಿಕೊಂಡರು. ಒಂದು ಮಗ್ಗುಲಲ್ಲಿ ಬಾವುಟ, ಇನ್ನೊಂದು ಮಗ್ಗುಲಲ್ಲಿ ಪೊಲೀಸ್ ವ್ಯಾನು! ಬಂದರಿನ ರಸ್ತೆಗೆ ಅಡ್ಡ ನಿಂತ ಹೆಂಗಸರನ್ನು 2022ರಲ್ಲೂ 2024ರಲ್ಲೂ ಎಳೆದೊಯ್ದರು. 2025ರ ಫೆಬ್ರವರಿಯಲ್ಲಿ ಕೇಣಿಯಲ್ಲೂ ಟೊಂಕದಲ್ಲೂ ನಿಷೇಧಾಜ್ಞೆ, ಪೊಲೀಸ್ ಕಾವಲಿನಲ್ಲಿ ಸರ್ವೆ. ಜನ ಕಡಲಿಗಿಳಿದು ಪ್ರತಿಭಟಿಸಿದರು. ಉಪ್ಪಿನ ಸತ್ಯಾಗ್ರಹಕ್ಕೆ 1930ರಲ್ಲಿ ಬ್ರಿಟಿಷರ ಲಾಠಿಗೆ ಎದೆಗೊಟ್ಟ ಅಂಕೋಲಾ ಅದು, ಕರ್ನಾಟಕದ ಬಾರ್ಡೋಲಿ ಎನಿಸಿಕೊಂಡ ಊರು. ಅಲ್ಲಿಯ ಜನರನ್ನು ನಿಷೇಧಾಜ್ಞೆಯಿಂದ ಹೆದರಿಸುತ್ತೇವೆ ಎಂದು ಯಾವ ಜಾಣ ಎಣಿಸಿದನೋ!

ಈಗ ಮೊದಲಿನ ಪ್ರಶ್ನೆಗೆ ಬರೋಣ.

ವರ್ಷಕ್ಕೆ 50 ಲಕ್ಷ ಟನ್ನಿಗಿಂತ ದೊಡ್ಡ ಸರಕಿನ ಬಂದರಿಗೆ ಪರಿಸರ ಒಪ್ಪಿಗೆ ಕೊಡುವುದು ಬೆಂಗಳೂರಲ್ಲ, ದೆಹಲಿ. ಅದಕ್ಕೆ ಮೊದಲು ಊರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕೇಣಿ ಬಂದರಿನ ಸಭೆ 2025ರ ಆಗಸ್ಟಿನಲ್ಲಿ ಅಂಕೋಲಾದಲ್ಲಿ ನಡೆಯಿತು, ಜನ ಸಾಗರದಂತೆ ಬಂದು ಬೇಡ ಎಂದರು. ಈ ಸಭೆಗಳನ್ನು ಆಳುವುದು ಕೇಂದ್ರದ 2006ರ ಅಧಿಸೂಚನೆ. ಅದರಲ್ಲಿ ಭಾಷೆಯ ಬಗ್ಗೆ ಏನಿದೆ ಗೊತ್ತೇ? ಕಂಪನಿ ತಯಾರಿಸುವ ಕರಡು ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು. ಸಾರಾಂಶ ಮಾತ್ರ! ನೂರಾರು ಪುಟದ ಮೂಲ ವರದಿ ಕನ್ನಡದಲ್ಲಿ ಇರಲೇಬೇಕೆಂಬ ಮಾತೇ ಅಲ್ಲಿಲ್ಲ.

ಇದರ ಅರ್ಥ ತಿಳಿಯಿತೇ? ಸಾರಾಂಶ ಬರೆಸುವುದು ಯೋಜನೆ ತರುವವನೇ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದು ಅವನ ಕೈಯಲ್ಲಿದೆ. ಮರಳು ಯಾವ ಕಡೆ ಸರಿಯುತ್ತದೆ, ಹೂಳೆತ್ತಿದ ಕೆಸರನ್ನು ಕಡಲಲ್ಲಿ ಎಲ್ಲಿ ಸುರಿಯುತ್ತಾರೆ, ಸುತ್ತ ಎಷ್ಟು ಮೀನುಗಾರ ಮನೆ ಇವೆ ಎಂದು ಬರೆದುಕೊಂಡಿದ್ದಾರೆ, ಯಾವ ತಿಂಗಳಲ್ಲಿ ಮೀನಿನ ಲೆಕ್ಕ ತೆಗೆದರು, ಇವೆಲ್ಲ ಇರುವುದು ಹಿಂದಿನ ಪುಟಗಳ ಕೋಷ್ಟಕಗಳಲ್ಲಿ, ಅನುಬಂಧಗಳಲ್ಲಿ. ಅಂದರೆ ಇಂಗ್ಲಿಷಿನಲ್ಲಿ. ಮಳೆಗಾಲದ ರಜೆಯಲ್ಲಿ ಮೀನಿಲ್ಲದಾಗ ಲೆಕ್ಕ ಮಾಡಿ, ಇಲ್ಲಿ ಮೀನೇ ಇಲ್ಲ ಎಂದು ಬರೆದರೆ ಅದು ಸುಳ್ಳು ಎಂದು ಹಿಡಿಯಬಲ್ಲವನು ದೆಹಲಿಯ ತಜ್ಞನಲ್ಲ, ಐವತ್ತು ವರ್ಷ ಬಲೆ ಬೀಸಿದ ಮುದುಕ. ಅವನಿಗೆ ಆ ಪುಟ ಓದಲು ಬರುವುದಿಲ್ಲ. ಮನೆಯಲ್ಲಿ ಅವನು ಕನ್ನಡ ಆಡಲಿ, ಕೊಂಕಣಿ ಆಡಲಿ, ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡದ್ದು. ಆ ಅಕ್ಷರದಲ್ಲಿ ಅವನಿಗೆ ಸಿಗುವುದು ಕೆಲವೇ ಪುಟ. ಅದೂ ಎಂಥ ಕನ್ನಡ! ಕಚೇರಿಯ ಕಬ್ಬಿಣದ ಕಡಲೆ. ಅಳಿವೆ, ಹೂಳು, ಹೊಯಿಗೆ ಎಂಬ ಮಾತುಗಳು ಊರಿನಲ್ಲಿ ಇದ್ದರೂ ಅಲ್ಲಿ ಕಾಣುವುದಿಲ್ಲ.

ಕೇಂದ್ರದವರ ಮನಸ್ಸು ಏನೆಂದು 2020ರಲ್ಲೇ ಬಯಲಾಯಿತು. ಈ ಅಧಿಸೂಚನೆಯನ್ನೇ ಬದಲಿಸುವ ಕರಡನ್ನು ಹೊರಡಿಸಿದರು. ಜನರಿಗೆ ಕೊಡುವ 30 ದಿನದ ಗಡುವನ್ನು 20ಕ್ಕೆ ಇಳಿಸುವ ಪ್ರಸ್ತಾಪ ಅದರಲ್ಲಿತ್ತು. ಕರಡು ಬಂದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ದೆಹಲಿ ಹೈಕೋರ್ಟು ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದು ಜೂನ್ 30ರಂದು ಹೇಳಿತು. ಅನುವಾದ ಮಾಡಿಸುವುದು ಬಿಟ್ಟು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು! ಹಿಂದಿ, ಇಂಗ್ಲಿಷ್ ಸಾಕು ಎಂಬುದೇ ಅದರ ವಾದ. ನಮ್ಮ ಹೈಕೋರ್ಟು ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಹಾಕಿತು. ನಮ್ಮ ಸಂಸದರಲ್ಲಿ ಎಷ್ಟು ಜನ ಆಗ ಬಾಯಿ ಬಿಟ್ಟರು ಎಂದು ನೀವೇ ನೆನಪು ಮಾಡಿಕೊಳ್ಳಿ.

ಬಂದರು ಬಂದರೆ ಕನ್ನಡಿಗರಿಗೆ ಉದ್ಯೋಗ ಬರುತ್ತದೆ, ವಿರೋಧಿಸುವವರು ನಾಡಿನ ದ್ರೋಹಿಗಳು ಎಂದು ನಮ್ಮಲ್ಲೇ ಕೆಲವರು ಹೇಳುತ್ತಾರೆ. ಅವರಿಗೂ ನಾಲ್ಕು ಮಾತು. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ 58 ಶಿಫಾರಸು ಕೊಟ್ಟಿತು. ಇಷ್ಟು ವರ್ಷವಾದರೂ ನಾವು ಅದನ್ನು ಜಾರಿ ಮಾಡಿ ಎಂದು ಕೂಗುತ್ತಲೇ ಇದ್ದೇವೆ. ಕಲ್ಲಿದ್ದಲನ್ನು ಬುಟ್ಟಿಯಲ್ಲಿ ಹೊರುವ ಕಾಲ ಹೋಯಿತು, ಈಗ ಹಡಗಿನಿಂದ ಇಳಿಸುವುದು ಯಂತ್ರ, ಸಾಗಿಸುವುದು ಬೆಲ್ಟು. ದೋಣಿ ಓಡಿಸುವವನು, ಬಲೆ ಹೆಣೆಯುವವನು, ಮಂಜುಗಡ್ಡೆ ಮಾರುವವನು, ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಅಕ್ಕ, ಇವರದ್ದೂ ಉದ್ಯೋಗವೇ ಅಲ್ಲವೇ? ಇರುವ ಉದ್ಯೋಗವನ್ನು ಲೆಕ್ಕಕ್ಕೇ ಹಿಡಿಯದೆ, ಬರುವ ಉದ್ಯೋಗವನ್ನು ಮಾತ್ರ ಎಣಿಸುವುದು ಯಾವ ಊರಿನ ಗಣಿತ? ಬಂದರೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಬಳ್ಳಾರಿಯ ಕಾರ್ಖಾನೆಗೆ ಕಲ್ಲಿದ್ದಲು ಬೇಕು, ಸರಿ. ಮಂಗಳೂರಿನ ದೊಡ್ಡ ಬಂದರು ಒಂದು ಕಡೆ, ಗೋವಾದ ಮುರಗಾಂವ್ ಇನ್ನೊಂದು ಕಡೆ ಇರುವಾಗ ಕೇಣಿಯ ದಂಡೆಯೇ ಏಕೆ ಬೇಕು ಎಂದು ಅಲ್ಲಿಯವರಿಗೆ ಅವರ ಭಾಷೆಯಲ್ಲಿ ಪುಟಪುಟವಾಗಿ ವಿವರಿಸಿ, ಅವರ ಉತ್ತರ ಕೇಳಿ ಎನ್ನುತ್ತಿದ್ದೇನೆ.

ಹಾಗಾದರೆ ನಾವೇನು ಮಾಡಬೇಕು? ಬೋರ್ಡಿಗೆ ಮಸಿ ಬಳಿದಷ್ಟೇ ಜೋರಾಗಿ ಈ ಕೆಲಸಕ್ಕೂ ಕೈಹಾಕಬೇಕು. ಕರ್ನಾಟಕದ ನೆಲದಲ್ಲಿ ಅಹವಾಲು ಸಭೆ ಆಗಬೇಕಾದರೆ ಇಡೀ ವರದಿ, ಕೋಷ್ಟಕ ನಕ್ಷೆ ಸಮೇತ, ಕನ್ನಡದಲ್ಲಿ ಬರಬೇಕು. ಕನ್ನಡದ ಪ್ರತಿ ಊರಿಗೆ ಮುಟ್ಟಿದ ದಿನದಿಂದಲೇ 30 ದಿನದ ಎಣಿಕೆ ಶುರುವಾಗಬೇಕು. ಕೇಂದ್ರ ಬದಲಿಸಲಿ ಬಿಡಲಿ, ನಮ್ಮ ಮಾಲಿನ್ಯ ನಿಯಂತ್ರಣ ಮಂಡಳಿಯೂ ಜಿಲ್ಲಾಧಿಕಾರಿಗಳೂ ಕಂಪನಿಗೆ ಹೀಗೆ ಹೇಳಲಿ ಎಂದು ರಾಜ್ಯ ಸರ್ಕಾರವನ್ನು ಹಿಡಿದು ಕೇಳಬೇಕು. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಇರುವುದು ಬರೀ ಸನ್ಮಾನಕ್ಕೇ?

ನಿಮ್ಮ ಜಿಲ್ಲೆಯಲ್ಲೂ ನಾಳೆ ಇಂಥ ಸಭೆ ಬರಬಹುದು. ಬಂದರೆ ಹೋಗಿ. ಇಷ್ಟು ಜನ ಸೇರಲೇಬೇಕೆಂಬ ನಿಯಮ ಅದಕ್ಕಿಲ್ಲ, ನಾಲ್ಕೇ ಜನ ಬಂದರೂ ಸಭೆ ನಡೆಯಿತು ಎಂದು ಬರೆದುಕೊಳ್ಳುತ್ತಾರೆ. ಅಲ್ಲಿ ಮತ ಎಣಿಸುವುದಿಲ್ಲ, ನೀವು ಆಡಿದ ಮಾತು ಕಡತಕ್ಕೆ ಏರಿತೇ ಎಂಬುದೇ ಮುಖ್ಯ. ಸಭೆಯ ನಡಾವಳಿಯನ್ನು ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಲೇಬೇಕು ಎಂದು ಅದೇ 2006ರ ಅಧಿಸೂಚನೆ ಹೇಳುತ್ತದೆ. ಸಂಜೆಯಾಯಿತು, ಊಟದ ಹೊತ್ತಾಯಿತು ಎಂದು ಅಧಿಕಾರಿಗಳು ಏಳುವ ಮೊದಲು ಕನ್ನಡದಲ್ಲಿ ಓದಿಸಿ, ನಿಮ್ಮ ಮಾತು ಬಿಟ್ಟಿದ್ದರೆ ಅಲ್ಲೇ ಸೇರಿಸಿ. ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆದು ಕೊಡಿ. ಸಂವಿಧಾನದ 350ನೇ ವಿಧಿಯ ಪ್ರಕಾರ ಕೇಂದ್ರದ ಅಧಿಕಾರಿಗೂ ನೀವು ಕನ್ನಡದಲ್ಲೇ ಮನವಿ ಕೊಡಬಹುದು. ಇಂಗ್ಲಿಷಿನಲ್ಲಿ ಬರೆದು ತನ್ನಿ ಎನ್ನುವ ಗುಮಾಸ್ತನಿಗೆ ಈ ವಿಧಿಯ ಸಂಖ್ಯೆ ಹೇಳಿ. ಎರಡು ಪ್ರತಿ ಮಾಡಿ, ಒಂದಕ್ಕೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಂಡು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ, ಕೋರ್ಟಿಗೆ ಬೇಕಾಗುತ್ತದೆ.