ಭತ್ತದ ಮಡಿಯಲ್ಲಿ ಶೀತಲ ಸಮರ

ಮುನಿರಾಬಾದಿನಲ್ಲಿ ತುಂಗಭದ್ರಾ ನೀರಾವರಿ ಸಲಹಾ ಸಮಿತಿ ಸಭೆ ಹತ್ತಿರ ಬಂತೆಂದರೆ ನಮ್ಮ ಸೀಮೆ ಒಡೆದು ಹೋಳಾಗುತ್ತದೆ. ಗಂಗಾವತಿ, ಕಾರಟಗಿಯವರು ಎರಡನೇ ಬೆಳೆಗೆ ನೀರು ಬಿಡಿ ಎನ್ನುತ್ತಾರೆ. ಮಾನ್ವಿ ಕಡೆಯವರು ನಮಗೆ ಮೊದಲ ಬೆಳೆಗೇ ಮುಟ್ಟಲಿಲ್ಲ, ಕಾಲುವೆಯ 104ನೇ ಮೈಲಿಯಲ್ಲಿ ನೀರಿನ ಮಟ್ಟ (ಗೇಜ್) ಕಾಯ್ದುಕೊಳ್ಳಿ ಎಂದು ರಸ್ತೆಯಲ್ಲಿ ಕೂರುತ್ತಾರೆ. ಕುಷ್ಟಗಿ, ಯಲಬುರ್ಗಾದವರು ಆ ಹೊತ್ತಿಗೆ ಕೂಲಿ ಹುಡುಕಿ ಮಂಗಳೂರು, ಗೋವಾದ ಬಸ್ಸು ಹತ್ತಿರುತ್ತಾರೆ. ಈ ಜಗಳಕ್ಕೆಲ್ಲ ಮದ್ದು ಎಂದು ಈಗ ಹೊಸದಾಗಿ ಕಟ್ಟಬೇಕೆಂದಿರುವ ನವಲಿ ಜಲಾಶಯವನ್ನು ತೋರಿಸಲಾಗುತ್ತಿದೆ. ನಾನು ಅದನ್ನು ಮದ್ದು ಎಂದು ಒಪ್ಪುವುದಿಲ್ಲ. ಏಕೆ ಎಂದು ಹೇಳಲು ವಾಷಿಂಗ್ಟನ್ ಮತ್ತು ಮಾಸ್ಕೋ ತನಕ ಹೋಗಿ ಬರಬೇಕು.

ತುಂಗಭದ್ರಾ ಅಣೆಕಟ್ಟೆ ಆ ಇಬ್ಬರದೂ ಅಲ್ಲ. 1945ರಲ್ಲಿ ನಿಜಾಮರ ಹೈದರಾಬಾದು ಮತ್ತು ಮದ್ರಾಸ್ ಸರ್ಕಾರ ನದಿಯ ಎರಡು ದಡದಲ್ಲಿ ಅಡಿಗಲ್ಲಿಟ್ಟವು. ಸುರ್ಕಿ ಗಾರೆಯಲ್ಲಿ ಕಟ್ಟಿದ ಗೋಡೆ 1953ರಲ್ಲಿ ನೀರು ನಿಲ್ಲಿಸಿತು. ಎಡದಂಡೆ ಕಾಲುವೆಯ ಲೆಕ್ಕ ಬರೆದವರ ತಲೆಯಲ್ಲಿದ್ದದ್ದು ಬರಗಾಲ. ಸ್ವಲ್ಪ ನೀರು, ಬಹಳ ಭೂಮಿ. ಜೋಳ, ಹತ್ತಿ, ಶೇಂಗಾ. ಒಂದೆರಡು ತೇವ ಕೊಟ್ಟರೆ ಬೆಳೆ ಉಳಿಯಬೇಕು, ಊರು ಗುಳೆ ಹೋಗಬಾರದು. ಅರೆ ನೀರಾವರಿ ಎಂಬ ಮಾತು ಹುಟ್ಟಿದ್ದು ಹಾಗೆ. ಇವತ್ತಿಗೂ ದಫ್ತರದಲ್ಲಿ ಆ ಮಾತು ಇದೆ, ಹೊಲದಲ್ಲಿ ಭತ್ತ ಇದೆ.

ಭತ್ತ ತಾನಾಗಿ ಬರಲಿಲ್ಲ. 1965–66ರ ಬರದಲ್ಲಿ ದೇಶ ಪಿಎಲ್-480 ಕಾನೂನಿನಡಿ ಬರುವ ಅಮೆರಿಕದ ಧಾನ್ಯಕ್ಕೆ ಕೈಯೊಡ್ಡಿತ್ತು. ವಿಯೆಟ್ನಾಂ ಯುದ್ಧದ ಬಗ್ಗೆ ದೆಹಲಿ ಬಾಯಿ ಬಿಟ್ಟದ್ದು ಅಧ್ಯಕ್ಷ ಜಾನ್ಸನ್‌ಗೆ ಹಿಡಿಸಲಿಲ್ಲ; ಹಡಗುಗಳನ್ನು ಕಂತುಕಂತಾಗಿ, ಆಟ ಆಡಿಸಿ ಬಿಟ್ಟರು. ಆ ಹಡಗುಗಳಲ್ಲಿ ಗೋಧಿಯ ಜತೆ ಕೆಂಪು ಜೋಳವೂ ಬಂತು. ರೊಟ್ಟಿ ತಟ್ಟುವ ಸೀಮೆಗೆ ಹೊರಗಿನ ಜೋಳ! ನಮ್ಮಜ್ಜಿ ಸಾಯುವತನಕ ಆ ಹಿಟ್ಟಿಗೆ ಜಿಗಿ ಇಲ್ಲ ಎಂದು ಬೈಯುತ್ತಿದ್ದಳು. ಅದೇ 1966ರಲ್ಲಿ ಫಿಲಿಪ್ಪೀನ್ಸಿನಲ್ಲಿ ಫೋರ್ಡ್ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳ ಹಣದಿಂದ ನಡೆಯುತ್ತಿದ್ದ ಸಂಸ್ಥೆ ಐಆರ್-8 ಎಂಬ ಗಿಡ್ಡ ಭತ್ತ ಹೊರತಂದಿತು. ಎರಡು ವರ್ಷದ ಮೇಲೆ ಅಮೆರಿಕದ ನೆರವು ಸಂಸ್ಥೆಯ ವಿಲಿಯಂ ಗಾಡ್ ಇದಕ್ಕೆಲ್ಲ ಹಸಿರು ಕ್ರಾಂತಿ ಎಂದು ಹೆಸರಿಟ್ಟರು. ಸೋವಿಯತ್ತಿನ ಕೆಂಪು ಕ್ರಾಂತಿಗೆ ಎದುರಾಗಿ ಆರಿಸಿದ ಬಣ್ಣ ಅದು. ನಾವು ಅದನ್ನು ಬೆಳೆಯ ಬಣ್ಣ ಎಂದುಕೊಂಡೆವು.

ಮಾಸ್ಕೋ ಸುಮ್ಮನೆ ಕೂತಿರಲಿಲ್ಲ. 1956ರಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಸೋವಿಯತ್ ಯಂತ್ರಗಳ ಮೇಲೆ ದೊಡ್ಡ ಸರ್ಕಾರಿ ಫಾರ್ಮ್ ಎದ್ದಿತು. ಆಮೇಲೆ ಇನ್ನಷ್ಟು ಫಾರ್ಮ್‌ಗಳಿಗೆ ಅವರ ಯಂತ್ರ ಬಂದಾಗ ನಮ್ಮ ರಾಯಚೂರು ಜಿಲ್ಲೆಗೂ (ಕೊಪ್ಪಳ 1997ರವರೆಗೆ ಅದರಲ್ಲೇ ಇತ್ತು) ಪಾಲು ಸಿಕ್ಕಿತು: ಸಿಂಧನೂರಿನ ಜವಳಗೇರಾ. ಒಂದೇ ಕಾಲುವೆ ಸೀಮೆಯಲ್ಲಿ ಒಬ್ಬರ ಬೀಜ, ಇನ್ನೊಬ್ಬರ ಟ್ರ್ಯಾಕ್ಟರು.

ನಮ್ಮಲ್ಲಿ ಇದನ್ನು ಚರ್ಚಿಸುವವರು ಒಂದು ಕಡೆ ನಿಂತು ಇನ್ನೊಂದು ಕಡೆಗೆ ಕಲ್ಲು ಬೀರುತ್ತಾರೆ. ಎಡದ ಗೆಳೆಯರು ಐಆರ್-8 ಸಾಮ್ರಾಜ್ಯಶಾಹಿ ಬೀಜ ಎಂದು ಗಂಟೆಗಟ್ಟಲೆ ಮಾತಾಡಬಲ್ಲರು; ಮಧ್ಯ ಏಷ್ಯಾದ ಎರಡು ನದಿಗಳನ್ನು ಹತ್ತಿ ಹೊಲಕ್ಕೆ ತಿರುಗಿಸಿ ಅರಲ್ ಸಮುದ್ರವನ್ನೇ ಒಣಗಿಸಿದ ಸೋವಿಯತ್ ಯೋಜನೆಯ ಸುದ್ದಿ ಬಂದರೆ ಚಹಾ ಹೇಳುತ್ತಾರೆ. ಬಲದವರಿಗೆ ಗಂಗಾವತಿಯ ರೈಸ್ ಮಿಲ್ಲುಗಳು ಖಾಸಗಿ ಉದ್ಯಮದ ವಿಜಯಸ್ತಂಭ. ಯಾವ ಖಾಸಗಿ? ಕಾಲುವೆ ಸರ್ಕಾರದ್ದು, ನೀರು ಬಿಟ್ಟಿಗೆ ಹತ್ತಿರ, ಯೂರಿಯಾಕ್ಕೆ ಸಬ್ಸಿಡಿ, ಭತ್ತಕ್ಕೆ ಬೆಂಬಲ ಬೆಲೆ. ಖರ್ಚು ಸಮಾಜವಾದದ್ದು, ಲಾಭ ಬಂಡವಾಳದ್ದು. ಎರಡೂ ಮಹಾಶಕ್ತಿಗಳು ಬೇಕೆಂದೇ ಕಲೆತು ಯೋಜನೆ ಮಾಡಿದ್ದರೂ ಇಷ್ಟು ಚೆಂದ ಬರುತ್ತಿರಲಿಲ್ಲ.

ಅವರಿಬ್ಬರ ಹಗೆಯೂ ನಾವು ನಂಬಿದಷ್ಟು ಗಟ್ಟಿಯಾಗಿರಲಿಲ್ಲ ಬಿಡಿ. 1972ರಲ್ಲಿ ಬೆಳೆ ಕೈಕೊಟ್ಟಾಗ ಸೋವಿಯತ್ ಒಕ್ಕೂಟ ಗೋಧಿ ಕೊಂಡದ್ದು ಅಮೆರಿಕದಿಂದಲೇ. ಮರುವರ್ಷ ನಮಗೆ 20 ಲಕ್ಷ ಟನ್ ಗೋಧಿ ಸಾಲ ಕೊಟ್ಟು ದೊಡ್ಡಣ್ಣ ಎನಿಸಿಕೊಂಡಿತು. ಒಂದು ವಿಷಯದಲ್ಲಂತೂ ಇಬ್ಬರದೂ ಒಂದೇ ಮತ: ಹರಿದು ಹೋಗುವ ನೀರು ದಂಡ, ಎಕರೆಗೆ ಎಷ್ಟು ಚೀಲ ಎಂಬುದೇ ಪ್ರಗತಿ. ಆ ಮತಕ್ಕೆ ನಾವೂ ದೀಕ್ಷೆ ತೆಗೆದುಕೊಂಡೆವು.

ಅದರ ಫಲ ನೋಡಲು ಅರಲ್ ತನಕ ಹೋಗಬೇಕಿಲ್ಲ. ಕಾಲುವೆಯ ತಗ್ಗಿನಲ್ಲಿ ನೀರು ನಿಂತು, ಉಪ್ಪು ಮೇಲೆದ್ದು, ಎರೆ ಹೊಲ ಸವಳು-ಜವಳಾಗಿದೆ. ಚೌಳು ನೆಲಕ್ಕೆ ಮದ್ದು ಹುಡುಕುವುದೇ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದ ಬಹುಕಾಲದ ಕೆಲಸ. ಅತ್ತ ಜಲಾಶಯಕ್ಕೆ ಹೂಳು ತುಂಬಿ 133 ಟಿಎಂಸಿ ಇದ್ದದ್ದು 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಎದೆ ಹಿಡಿದುಕೊಂಡು ಕೂತಿತು. ಆಗಲೂ ಊರೂರಿನ ಪ್ರಶ್ನೆ ಒಂದೇ ಆಗಿತ್ತು: ಎರಡನೇ ಬೆಳೆ ಗತಿ ಏನು?

ಭತ್ತದ ರೈತನನ್ನು ಬೈಯಲು ನನಗೆ ಮನಸ್ಸಿಲ್ಲ. ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿದವರ ಮೇಲೆ ಗೂಬೆ ಕೂರಿಸುವುದೂ ಹಳೆಯ ಚಾಳಿ. ಅವರು ತೋರಿಸಿದ ಬೇಸಾಯವನ್ನು ನಮ್ಮವರು ಎರಡೂ ಕೈಯಿಂದ ಬಾಚಿಕೊಂಡರು. ಭತ್ತಕ್ಕೆ ಮಿಲ್ಲಿದೆ, ದಲ್ಲಾಳಿ ಇದ್ದಾನೆ, ಬ್ಯಾಂಕು ಸಾಲ ಕೊಡುತ್ತದೆ. ಜೋಳಕ್ಕೆ? 2025–26ರ ಬೆಂಬಲ ಬೆಲೆ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಹೈಬ್ರಿಡ್ ಜೋಳಕ್ಕೆ 3,699. ಕಾಗದದಲ್ಲಿ ಜೋಳವೇ ಗೆದ್ದಿದೆ. ಕೊಳ್ಳುವ ಕೇಂದ್ರ ತಡವಾಗಿ ತೆರೆದು, ಮಿತಿ ಹಾಕಿ, ಬೇಗ ಮುಚ್ಚಿದರೆ ಆ ಕಾಗದ ಯಾರ ಹೊಟ್ಟೆ ತುಂಬಿಸುತ್ತದೆ? ಅರೆ ನೀರಾವರಿ ಎಂದು ಆದೇಶ ಮಾಡುವ ಸರ್ಕಾರವೇ ಪಡಿತರದ ಚೀಲಕ್ಕೆ ಅಕ್ಕಿ ತುಂಬುತ್ತದೆ. ರೈತ ಕೇಳುವುದು ಆದೇಶದ ಮಾತನ್ನಲ್ಲ, ಚೀಲದ ಮಾತನ್ನು.

ನವಲಿ ಕಟ್ಟಿದರೆ ಹೂಳಿಗೆ ಕಳೆದುಕೊಂಡ ನೀರು ಮರಳಬಹುದು, ಆಂಧ್ರ ಮತ್ತು ತೆಲಂಗಾಣ ಒಪ್ಪಿದರೆ. ಮರಳಿದ ನೀರು ಎಲ್ಲಿಗೆ ಹೋಗುತ್ತದೆ? ಮೇಲ್ಭಾಗದ ಮೂರನೇ ಭತ್ತಕ್ಕೋ, ಮಾನ್ವಿಯ ಒಣ ಉಪಕಾಲುವೆಗೋ? ಕೃಷ್ಣೆಯಿಂದ ಕೊಪ್ಪಳ ಏತ ನೀರಾವರಿ ಬರುತ್ತದೆಂದು ವರ್ಷಗಟ್ಟಲೆ ಕಾದ ಕುಷ್ಟಗಿ, ಯಲಬುರ್ಗಾಕ್ಕೂ ಇದೇ ಮಾತು. ನಾಳೆ ಆ ನೀರು ಬಂದಾಗ ಅಲ್ಲೂ ಮೊದಲ ತೂಬಿನವನು ಭತ್ತದ ಮಡಿ ಕಟ್ಟಿದರೆ, ಕೊನೆ ತೂಬಿನವನು ಮತ್ತೆ ಗೋವಾ ಬಸ್ಸನ್ನೇ ಹತ್ತಬೇಕು.

ಆದ್ದರಿಂದ ಸಲಹಾ ಸಮಿತಿಗೆ ಹೋಗುವ ಶಾಸಕರಿಗೆ, ರೈತ ಮುಖಂಡರಿಗೆ ಇಷ್ಟು ಕೇಳುತ್ತೇನೆ. ಎರಡನೇ ಬೆಳೆಗೆ ನೀರು ಬಿಡುವ ಮೊದಲು ಯಾವ ಉಪಕಾಲುವೆಯಲ್ಲಿ ಭತ್ತಕ್ಕೆ ಅನುಮತಿ ಇದೆ, ಎಲ್ಲಿ ಇಲ್ಲ ಎಂಬ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಜೋಳ ಕೊಳ್ಳುವ ಕೇಂದ್ರಗಳು ಯಾವ ತಾರೀಖಿಗೆ ತೆರೆಯುತ್ತವೆ ಎಂದು ಅದೇ ಸಭೆಯಲ್ಲಿ ಬರೆಸಿಕೊಳ್ಳಿ. ಇವೆರಡೂ ಆಗುವವರೆಗೆ ನವಲಿಯಲ್ಲಿ ಒಂದು ಬುಟ್ಟಿ ಮಣ್ಣನ್ನೂ ಎತ್ತಬೇಡಿ.